ತೋಟಕ್ಕೆ ಬರುವ ಅಟ್ಲಾಸ್ ಪತಂಗ: ಗುರುತು, ನೆಲೆ ಮತ್ತು ನಮ್ಮ ಕೆಲಸ

ಕಾಫಿ, ಅಡಿಕೆ, ಮೆಣಸು, ಏಲಕ್ಕಿ ಬೆಳೆಯುವ ನಮಗೆ ಹುಳು ಎಂದ ಕೂಡಲೇ ನೆನಪಾಗುವುದು ನಷ್ಟವೇ. ಬಿಳಿ ಕಾಂಡಕೊರಕ, ಕಾಯಿಕೊರಕ, ಹಿಟ್ಟು ತಿಗಣೆ, ಅಡಿಕೆಯ ಬೇರುಹುಳು, ಹಿಂಗಾರ ತಿನ್ನುವ ಹುಳು ಎಂದು ನಾವು ಬಾಯಿಪಾಠ ಮಾಡಿಕೊಂಡಿರುವ ಹೆಸರುಗಳೆಲ್ಲ ಶತ್ರುಗಳ ಹೆಸರುಗಳು. ಇದರಲ್ಲಿ ತಪ್ಪೇನೂ ಇಲ್ಲ. 1990ರಲ್ಲಿ ಗೂಡಲೂರಿನ ಕಡೆ ಮೊದಲು ಪತ್ತೆಯಾದ ಕಾಯಿಕೊರಕವು ಅನಂತರ ಕೊಡಗಿಗೂ ಚಿಕ್ಕಮಗಳೂರಿಗೂ ಹೇಗೆ ಹಬ್ಬಿತೆಂಬುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಹೊಸ ಹುಳುವೊಂದನ್ನು ಕಂಡಾಗ ಬೆಳೆಗಾರನಿಗೆ ಎದೆ ಹಾರುವುದು ಸಹಜ.

ಆದರೆ ತೋಟದಲ್ಲಿ ಕಾಣುವ ಹುಳುಗಳಲ್ಲಿ ನಮ್ಮ ಬೆಳೆಗೆ ಕೈ ಹಾಕುವವು ಬೆರಳೆಣಿಕೆಯಷ್ಟು. ಉಳಿದವು ನೆರಳಿನ ಮರ, ಬೇಲಿಗಿಡ, ತರಗೆಲೆಗಳ ನಡುವೆ ತಮ್ಮ ಪಾಡಿಗೆ ತಾವು ಬದುಕುತ್ತವೆ. ಅವುಗಳಲ್ಲಿ ಕೆಲವು ನಮ್ಮ ಸಹ್ಯಾದ್ರಿಯ ಕಡೆಯಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಸಿಗದವು. ಅಂಥವನ್ನು ಶತ್ರುವೆಂದು ತಿಳಿದು ಕೊಂದರೆ ನಮಗೆ ಔಷಧದ ಖರ್ಚು, ಆಳಿನ ಖರ್ಚು ಎರಡೂ ದಂಡ. ಜೊತೆಗೆ ಹೋದ ಜೀವ ಮತ್ತೆ ಬರುವುದಿಲ್ಲ. ಈ ಲೇಖನದಲ್ಲಿ ನಾವು ಅಂಥ ಒಂದು ಜೀವಿಯ ವಿಚಾರವನ್ನು ಸದಸ್ಯರ ಮುಂದಿಡುತ್ತಿದ್ದೇವೆ. ಅದು ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಸೀಮಿತವಾದ ದೊಡ್ಡ ಅಟ್ಲಾಸ್ ಪತಂಗ. ಶಾಸ್ತ್ರಜ್ಞರು ಅದಕ್ಕೆ ಕೊಟ್ಟಿರುವ ಹೆಸರು ಅಟ್ಟಾಕಸ್ ಟಾಪ್ರೊಬೇನಿಸ್.

ಸಂಘಕ್ಕೆ ಬಂದ ಪ್ರಶ್ನೆಗಳು

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಕಳೆದ ಮಳೆಗಾಲದಲ್ಲಿ ಸಂಘದ ಕಚೇರಿಗೆ ಈ ಪತಂಗದ ಬಗ್ಗೆ ಮೂರು ಸಲ ಸುದ್ದಿ ಬಂತು. ಮೊದಲನೆಯದು ನಮ್ಮ ಡಿಪೋಗೆ. ಹಿರಿಯ ಸದಸ್ಯರೊಬ್ಬರು ದಾಲ್ಚಿನ್ನಿಯ ಕೊಂಬೆಯನ್ನೇ ಮುರಿದು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಅದರ ಮೇಲೆ ಹೆಬ್ಬೆರಳಿಗಿಂತ ದಪ್ಪನಾದ, ಮೈಮೇಲೆ ಸುಣ್ಣ ಚೆಲ್ಲಿದಂತಿದ್ದ ಎರಡು ಹಸಿರು ಹುಳುಗಳು. "ಏನ್ರೀ ಸೆಕ್ರೆಟರಿಯವರೇ, ಇವು ನಾಳೆ ಕಾಫಿಗೆ ಇಳಿದರೆ ಯಾರು ಹೊಣೆ? ಯಾವ ಔಷಧಿ ಹೊಡೀಬೇಕು ಹೇಳಿ" ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಎರಡನೆಯದು, ಅಡಿಕೆ ಗೋದಾಮಿನ ಗೋಡೆಯ ಮೇಲೆ ದೀಪದ ಕೆಳಗೆ ಬೆಳಗಾಗುವವರೆಗೂ ಕೂತಿದ್ದ ಒಂದು ಪತಂಗ. ಅದರ ರೆಕ್ಕೆಯ ತುದಿಯಲ್ಲಿ ನಾಗರಹಾವಿನ ಮುಖ ಕಂಡಿತೆಂದು ಆಳುಗಳು ಒಳಗೆ ಕಾಲಿಡಲು ಹಿಂಜರಿದರು. ಮೂರನೆಯದು, ಮರಗಸಿಯ ಕೊಂಬೆಗಳನ್ನು ಒಟ್ಟುವಾಗ ಒಣ ಎಲೆಯಲ್ಲಿ ಸುತ್ತಿಕೊಂಡಿದ್ದ ಕಂದು ಬಣ್ಣದ ಗೂಡು. ಅದರಲ್ಲಿ ಹಕ್ಕಿಮರಿ ಇರಬಹುದೆಂದು ಹುಡುಗರು ಬಿಚ್ಚಿ ನೋಡಿ, ಒಳಗಿದ್ದ ಕೋಶವನ್ನು ಬಿಸಾಡಿದ್ದರು.

ಮೂರೂ ಒಂದೇ ಪತಂಗದ ಮೂರು ಅವಸ್ಥೆಗಳು ಎಂದು ಹೇಳಿದಾಗ ಬಹಳ ಮಂದಿಗೆ ನಂಬಿಕೆ ಬರಲಿಲ್ಲ. ಮೂರು ಕಡೆಯೂ ಅದಕ್ಕೆ ನಮ್ಮಿಂದ ಅಪಾಯ ಒದಗಿದ್ದು ಗುರುತು ಗೊತ್ತಿಲ್ಲದ್ದರಿಂದ. ಆದುದರಿಂದ ಮೊದಲು ಗುರುತಿನ ಮಾತು.

ಪತಂಗವನ್ನು ಗುರುತಿಸುವುದು

ಚಿಟ್ಟೆ ಮತ್ತು ಪತಂಗಗಳ ವ್ಯತ್ಯಾಸ ಬಹುಮಂದಿಗೆ ತಿಳಿದದ್ದೇ. ಚಿಟ್ಟೆ ಸಾಮಾನ್ಯವಾಗಿ ಹಗಲು ಹಾರುತ್ತದೆ, ಕೂತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿ ನಿಲ್ಲಿಸುತ್ತದೆ, ಅದರ ಮೀಸೆಯ ತುದಿ ಗುಂಡಾಗಿರುತ್ತದೆ. ಪತಂಗಗಳಲ್ಲಿ ಹೆಚ್ಚಿನವು ಇರುಳಿನವು. ಕೂತಾಗ ರೆಕ್ಕೆಗಳನ್ನು ಹರಡಿಕೊಳ್ಳುತ್ತವೆ ಅಥವಾ ಸೂರಿನಂತೆ ಇಳಿಬಿಡುತ್ತವೆ. ಮೀಸೆ ಎಳೆಯಂತೆಯೋ ಗರಿಯಂತೆಯೋ ಇರುತ್ತದೆ.

ಅಟ್ಲಾಸ್ ಪತಂಗದ ಮೊದಲ ಗುರುತು ಅದರ ಗಾತ್ರ. ಚೆನ್ನಾಗಿ ಬೆಳೆದ ಹೆಣ್ಣು ರೆಕ್ಕೆ ಬಿಚ್ಚಿ ಕೂತರೆ ತುದಿಯಿಂದ ತುದಿಗೆ ಒಂದು ಗೇಣಿಗೆ ಹತ್ತಿರವಾಗುತ್ತದೆ. ಎರಡನೆಯ ಗುರುತು ಬಣ್ಣ: ಕೆಂಪು ಬೆರೆತ ಕಂದು, ಅದರ ಮೇಲೆ ಬಿಳಿ, ನಸುಗೆಂಪು, ಕಪ್ಪು ಗೆರೆಗಳು, ಅಂಚಿನಲ್ಲಿ ಹಳದಿ ಛಾಯೆ. ಮೂರನೆಯದು ಅತಿ ಮುಖ್ಯವಾದದ್ದು. ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ಪಾರದರ್ಶಕ ಕಿಟಕಿ ಇರುತ್ತದೆ. ಅಲ್ಲಿ ಪತಂಗದ ಪುಡಿ, ಅಂದರೆ ಸಣ್ಣ ಹುರುಪೆಗಳು ಇರುವುದಿಲ್ಲವಾದ್ದರಿಂದ ಗಾಜಿನಲ್ಲಿ ನೋಡಿದಂತೆ ಹಿಂದಿನ ಗೋಡೆ ಕಾಣುತ್ತದೆ. ಮುಂದಿನ ರೆಕ್ಕೆಯ ಕಿಟಕಿ ಮುಕ್ಕೋನಾಕಾರ. ನಾಲ್ಕನೆಯದು ಮುಂದಿನ ರೆಕ್ಕೆಯ ತುದಿ. ಅದು ಹೊರಗೆ ಬಾಗಿ ಚಾಚಿಕೊಂಡಿದ್ದು, ಮೇಲೊಂದು ಕಣ್ಣಿನಂಥ ಕಪ್ಪು ಚುಕ್ಕೆಯಿಂದಾಗಿ ಹಾವಿನ ತಲೆಯಂತೆ ತೋರುತ್ತದೆ. ಗೋದಾಮಿನಲ್ಲಿ ಆಳುಗಳನ್ನು ಹೆದರಿಸಿದ್ದು ಇದೇ. ಪತಂಗಕ್ಕೆ ಕಚ್ಚಲು ಹಲ್ಲಿಲ್ಲ, ಚುಚ್ಚಲು ಕೊಂಡಿಯಿಲ್ಲ. ಕೈಯಲ್ಲಿ ಹಿಡಿದರೆ ಹಾನಿಯಾಗುವುದು ಅದಕ್ಕೇ. ರೆಕ್ಕೆಯ ಪುಡಿ ಉದುರುತ್ತದೆ.

ಗಂಡು ಹೆಣ್ಣುಗಳನ್ನು ಮೀಸೆಯಿಂದ ತಿಳಿಯಬಹುದು. ಗಂಡಿನ ಮೀಸೆ ಅಗಲವಾದ ಗರಿಯಂತೆ ಅಥವಾ ಬಾಚಣಿಗೆಯಂತೆ ಎದ್ದು ಕಾಣುತ್ತದೆ, ಹೆಣ್ಣಿನದು ಕಿರಿದು. ಹೆಣ್ಣಿನ ಹೊಟ್ಟೆ ತುಂಬಿಕೊಂಡಿದ್ದು, ರೆಕ್ಕೆ ಅಗಲ. ಗಂಡಿನ ರೆಕ್ಕೆ ತುಸು ಚೂಪು, ಮೈ ಹಗುರ.

ನಮ್ಮ ಮಲೆನಾಡಿನಲ್ಲಿ ಇದರ ಬಂಧುಗಳು ಇನ್ನೂ ಕೆಲವಿವೆ. ತಿಳಿಹಸಿರು ಬಣ್ಣದ, ಹಿಂದಿನ ರೆಕ್ಕೆಯಿಂದ ಉದ್ದನೆಯ ಬಾಲ ಇಳಿಬಿಟ್ಟಿರುವುದು ಚಂದ್ರ ಪತಂಗ. ನಾಲ್ಕು ರೆಕ್ಕೆಗಳಲ್ಲೂ ಗುಂಡನೆಯ ಕಣ್ಣಿನಂಥ ಕಿಟಕಿ, ಅದರ ಸುತ್ತ ಬಳೆ ಇರುವುದು ಟಸ್ಸಾರ್ ಜಾತಿಯ ಪತಂಗ. ಇದರ ಹುಳು ಮತ್ತಿ ಮರದ ಮೇಲೆ ಸಿಗುತ್ತದೆ. ಹರಳಿನ ಎಲೆ ತಿನ್ನಿಸಿ ಸಾಕುವ ಎರಿ ರೇಷ್ಮೆಯ ಪತಂಗದ ಕಿಟಕಿ ಎಳೆಚಂದ್ರನಂತೆ ಬಾಗಿರುತ್ತದೆ. ಮುಕ್ಕೋನದ ಕಿಟಕಿ ಮತ್ತು ಹಾವಿನ ಹೆಡೆಯ ತುದಿ ಎರಡೂ ಒಟ್ಟಿಗಿದ್ದರೆ ಅದು ಅಟ್ಲಾಸ್ ಗುಂಪಿನದು ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.

ಹುಳು ಮತ್ತು ಗೂಡು

ಹೆಣ್ಣು ಮರದ ಎಲೆಗಳ ಮೇಲೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡುತ್ತದೆ. ಒಂದೆರಡು ವಾರಗಳಲ್ಲಿ ಮರಿಹುಳುಗಳು ಹೊರಬರುತ್ತವೆ. ಅವು ಹಲವು ಸಲ ಪೊರೆ ಕಳಚಿ, ಒಂದೂವರೆ ತಿಂಗಳ ಹೊತ್ತಿಗೆ ನಾಲ್ಕು ಅಂಗುಲದಷ್ಟು ಉದ್ದಕ್ಕೆ ಬೆಳೆಯುತ್ತವೆ. ಮೈ ನೀಲಿ ಬೆರೆತ ಹಸಿರು. ಬೆನ್ನಿನ ಮೇಲೆ ಮೆತ್ತನೆಯ ಮುಳ್ಳಿನಂಥ ಗುಬುಟುಗಳು, ಅದರ ಮೇಲೆಲ್ಲ ಮೇಣದಂಥ ಬಿಳಿಯ ಪುಡಿ. ಕೆಣಕಿದರೆ ಮೈಯ ಬದಿಗಳಿಂದ ಒಂದಡಿಯಷ್ಟು ದೂರಕ್ಕೆ ಘಾಟಿನ ನೀರನ್ನು ಚಿಮ್ಮಿಸುತ್ತದೆ. ಇರುವೆ, ಹಲ್ಲಿಗಳನ್ನು ದೂರವಿಡಲು ಅದು ಕಂಡುಕೊಂಡ ಉಪಾಯ ಇದು.

ಇಲ್ಲಿ ಎರಡು ಹೋಲಿಕೆಗಳನ್ನು ಗಮನಿಸಬೇಕು. ನೆರಳಿನ ಮರಗಳ ಬುಡದಲ್ಲಿ ಗುಂಪು ಗುಂಪಾಗಿ ಅಂಟಿಕೊಂಡು, ಮುಟ್ಟಿದರೆ ತುರಿಕೆ ಹತ್ತಿಸುವ ಕಂಬಳಿಹುಳುಗಳು ಬೇರೆ. ಅವುಗಳಲ್ಲಿ ಕೆಲವು ಏಲಕ್ಕಿಗೆ ಇಳಿದು ಎಲೆ ಮುಕ್ಕುತ್ತವೆ. ಅಟ್ಲಾಸಿನ ಹುಳುವಿಗೆ ತುರಿಸುವ ರೋಮವಿಲ್ಲ. ಬೆಳೆದ ಮೇಲೆ ಅದು ಗುಂಪಾಗಿಯೂ ಇರುವುದಿಲ್ಲ. ಇನ್ನೊಂದು, ಬಾಲದ ತುದಿಯಲ್ಲಿ ಒಂದೇ ಒಂದು ಕೊಂಬಿರುವ ನುಣುಪಾದ ದಪ್ಪ ಹಸಿರು ಹುಳು. ಅದು ವೇಗವಾಗಿ ಹಾರುವ ಬೇರೊಂದು ಪತಂಗದ ಕುಟುಂಬದ್ದು. ಬಿಳಿ ಪುಡಿ ಇದ್ದರೆ ಅಟ್ಲಾಸು, ಒಂಟಿ ಕೊಂಬಿದ್ದರೆ ಬೇರೆ. ಇಷ್ಟು ನೆನಪಿಟ್ಟರೆ ಸಾಕು.

ಈ ಗುಂಪಿನ ಹುಳು ಒಂದೇ ಮರಕ್ಕೆ ಕಟ್ಟುಬಿದ್ದದ್ದಲ್ಲ. ದಾಲ್ಚಿನ್ನಿ, ಹಾಲ್ಮಡ್ಡಿಯ ಜಾತಿಯ ಮರಗಳು, ಸೀಬೆ, ನಿಂಬೆಯ ಜಾತಿಯ ಗಿಡಗಳು ಇವುಗಳಲ್ಲೆಲ್ಲ ಅದರ ದಾಖಲೆಗಳಿವೆ. ನಮ್ಮಲ್ಲಿ ದಾಲ್ಚಿನ್ನಿ ಎಲ್ಲೆಲ್ಲಿದೆ ಎಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ಅಡಿಕೆ ಬೆಳೆಗಾರರ ಸೊಪ್ಪಿನ ಬೆಟ್ಟದಲ್ಲಿ ಇದೆ, ಕಾಫಿ ತೋಟದ ಅಂಚಿನಲ್ಲಿ ಇದೆ, ಹಳ್ಳದ ದಂಡೆಯಲ್ಲಿ ಇದೆ. ಹಾಲ್ಮಡ್ಡಿಗೆ ಮೆಣಸಿನ ಬಳ್ಳಿ ಹಬ್ಬಿಸಿದವರೂ ಇದ್ದಾರೆ. ಹೀಗಾಗಿ ಈ ಪತಂಗದ ಸಂಸಾರ ಕಾಡಿನಲ್ಲಿ ಎಷ್ಟೋ ನಮ್ಮ ಬೇಲಿಯೊಳಗೂ ಅಷ್ಟೇ ನಡೆಯಬಲ್ಲದು.

ಬಲಿತ ಹುಳು ಎಲೆಯೊಂದನ್ನು ಮಡಚಿ, ಅದರ ತೊಟ್ಟು ಉದುರದಂತೆ ರೇಷ್ಮೆಯಿಂದ ಕೊಂಬೆಗೆ ಬಿಗಿದು, ಒಳಗೆ ಕಂದು ಬಣ್ಣದ ಕಾಗದದಂಥ ಗಟ್ಟಿ ಗೂಡು ಕಟ್ಟಿಕೊಳ್ಳುತ್ತದೆ. ಹಿಪ್ಪುನೇರಳೆಯ ಹುಳುವಿನ ಗೂಡಿನಿಂದ ತೆಗೆಯುವಂತೆ ಇದರಿಂದ ಒಂದೇ ಎಳೆಯ ದಾರ ಬರುವುದಿಲ್ಲ, ಹತ್ತಿಯಂತೆ ನೂಲಬೇಕು. ಈ ಜಾತಿಯ ಪತಂಗಗಳ ರೇಷ್ಮೆಗೆ ಫಾಗರಾ ಎಂಬ ಹೆಸರಿದೆ. ತೈವಾನಿನಲ್ಲಿ ಖಾಲಿ ಗೂಡುಗಳನ್ನು ಚಿಲ್ಲರೆ ಹಾಕುವ ಚೀಲವಾಗಿ ಬಳಸುತ್ತಿದ್ದುದುಂಟು. ಪತಂಗ ಗೂಡಿನಿಂದ ಹೊರಬರಲು ಹವೆ ಹದವಾಗಿದ್ದರೆ ಕೆಲವು ವಾರಗಳು ಸಾಕು. ಒಣಹವೆಯಲ್ಲಿ ಕೆಲವು ತಿಂಗಳು ಕಾಯುವುದೂ ಉಂಟು.

ಹೊರಬಂದ ಪತಂಗಕ್ಕೆ ತಿನ್ನಲು ಬಾಯಿಯೇ ಇಲ್ಲವೆನ್ನಬಹುದು. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರದೊಳಗೆ ಅದರ ಆಯುಷ್ಯ ಮುಗಿಯುತ್ತದೆ. ಆ ಅವಧಿಯಲ್ಲಿ ಅದಕ್ಕಿರುವ ಕೆಲಸ ಜೋಡಿ ಹುಡುಕುವುದು, ಮೊಟ್ಟೆಯಿಡುವುದು. ದೀಪದ ಸುತ್ತ ಒಂದು ರಾತ್ರಿ ಕಳೆದರೆ ಅದರ ಬದುಕಿನ ದೊಡ್ಡ ಭಾಗವೇ ವ್ಯರ್ಥವಾದಂತೆ.

ಹೆಸರು ಬಂದ ಬಗೆ

ಅಟ್ಲಾಸ್ ಎಂಬ ಹೆಸರನ್ನು ಕೊಟ್ಟವನು ಸ್ವೀಡನ್ನಿನ ಲಿನೇಯಸ್, 1758ರಲ್ಲಿ. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತು ನಿಂತ ದೈತ್ಯನ ಹೆಸರು ಅದು. ಲಿನೇಯಸ್ ಹೆಸರಿಟ್ಟ ಅಟ್ಟಾಕಸ್ ಅಟ್ಲಾಸ್ ಹಿಮಾಲಯದ ತಪ್ಪಲು, ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದ ದ್ವೀಪಗಳವರೆಗೆ ಹರಡಿರುವ ಪತಂಗ.

ನಮ್ಮದರ ಕಥೆ ಬೇರೆ. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದ ಫ್ರೆಡರಿಕ್ ಮೂರ್ ಎಂಬ ವಿದ್ವಾಂಸರು 1880ರಿಂದ 1887ರವರೆಗೆ ಸಿಂಹಳದ ಚಿಟ್ಟೆ ಪತಂಗಗಳ ಮೇಲೆ ಮೂರು ಸಂಪುಟಗಳ ಗ್ರಂಥವನ್ನು ಹೊರತಂದರು. ಆ ಗ್ರಂಥದ ಕಾಲದಲ್ಲಿಯೇ ಸಿಂಹಳದ ಅಟ್ಲಾಸ್ ಪತಂಗಕ್ಕೆ ಅವರು ಟಾಪ್ರೊಬೇನಿಸ್ ಎಂದು ಬೇರೆ ಹೆಸರು ಕೊಟ್ಟರು. ತಪ್ರೋಬನೆ ಎಂಬುದು ಪ್ರಾಚೀನ ಗ್ರೀಕರು ಶ್ರೀಲಂಕಾವನ್ನು ಕರೆಯುತ್ತಿದ್ದ ಹೆಸರು. ಆದರೆ ಮೂರರ ಅನಂತರವೂ ಬಹುಕಾಲ ಅನೇಕರು ಇದನ್ನು ಬೇರೆ ಜಾತಿಯೆಂದು ಒಪ್ಪದೆ, ಉತ್ತರದ ಅಟ್ಲಾಸಿನದೇ ಒಂದು ರೂಪವೆಂದು ಎಣಿಸಿದರು. ಅಮೆರಿಕದ ರಿಚರ್ಡ್ ಪೈಗ್ಲರ್ ಅವರು 1989ರಲ್ಲಿ ಈ ಇಡೀ ಕುಲವನ್ನು ಮತ್ತೆ ಪರಿಶೀಲಿಸಿ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರ.

ಈ ಸಂದರ್ಭದಲ್ಲಿ ಬೆಳೆಗಾರರಾದ ನಾವು ನೆನೆಯಬೇಕಾದ ಇನ್ನೊಂದು ಹೆಸರಿದೆ: ಜಾರ್ಜ್ ಫ್ರಾನ್ಸಿಸ್ ಹ್ಯಾಂಪ್ಸನ್. ಭಾರತದ ಪತಂಗಗಳ ಮೇಲೆ 1892ರಿಂದ ಮುಂದೆ ನಾಲ್ಕು ಸಂಪುಟಗಳನ್ನು ಬರೆದ ಇವರು ಮೊದಲಿಗೆ ನೀಲಗಿರಿಯಲ್ಲಿ ಚಹಾ ತೋಟ ಮಾಡಲು ಬಂದವರು. ತೋಟದಲ್ಲಿದ್ದಾಗ ಪತಂಗಗಳ ಕಡೆ ಮನಸ್ಸು ಹರಿದು, ನೀಲಗಿರಿಯ ಪತಂಗಗಳ ಮೇಲೆ 1891ರಲ್ಲಿ ಗ್ರಂಥ ಬರೆದು, ಕೊನೆಗೆ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಜಗತ್ತಿನ ಪತಂಗಗಳನ್ನೇ ವಿಂಗಡಿಸುವಷ್ಟು ದೊಡ್ಡ ವಿದ್ವಾಂಸರಾದರು. ಶಾಸ್ತ್ರಕ್ಕೂ ತೋಟಕ್ಕೂ ನಂಟಿಲ್ಲವೆನ್ನುವವರಿಗೆ ಇದೊಂದು ಉತ್ತರ. ರಾತ್ರಿ ದೀಪ, ಸುತ್ತ ಮರ, ವರ್ಷದ ಹನ್ನೆರಡು ತಿಂಗಳು ಒಂದೇ ಜಾಗದಲ್ಲಿ ವಾಸ: ಪತಂಗದ ಅಭ್ಯಾಸಕ್ಕೆ ಬೇಕಾದ ಮೂರೂ ತೋಟದವನ ಬಳಿ ಇವೆ.

ಜಾತಿ ನಿಶ್ಚಯ ಹೇಗೆ?

ಎರಡು ಪತಂಗಗಳು ಮೇಲ್ನೋಟಕ್ಕೆ ಒಂದೇ ರೀತಿ ಇದ್ದಾಗ ಬೇರೆ ಜಾತಿಯೆಂದು ಹೇಳುವುದು ಹೇಗೆ ಎಂದು ಸದಸ್ಯರು ಕೇಳಬಹುದು. ಬಣ್ಣವನ್ನು ನಂಬುವಂತಿಲ್ಲ. ಒಂದೇ ತಾಯಿಯ ಮರಿಗಳಲ್ಲೂ ಕೆಂಪು ಹೆಚ್ಚು, ಕಂದು ಹೆಚ್ಚು ಎಂಬ ಭೇದವಿರುತ್ತದೆ. ಗಾತ್ರವನ್ನೂ ನಂಬುವಂತಿಲ್ಲ, ಹುಳುವಿಗೆ ಮೇವು ಸಾಲದಿದ್ದರೆ ಪತಂಗ ಚಿಕ್ಕದಾಗುತ್ತದೆ. ಉತ್ತರದ ಅಟ್ಲಾಸಿನಲ್ಲಿ ಮುಂದಿನ ರೆಕ್ಕೆಯ ದೊಡ್ಡ ಕಿಟಕಿಯ ಪಕ್ಕ ಇನ್ನೊಂದು ಸಣ್ಣ ಕಿಟಕಿ ಅನೇಕ ವೇಳೆ ಇರುತ್ತದೆ. ಆದರೆ ಅದೂ ಒಂದೊಂದು ಪತಂಗದಲ್ಲಿ ಒಂದೊಂದು ತೆರ.

ಆದಕಾರಣ ತಜ್ಞರು ಅನೇಕ ಮಾದರಿಗಳನ್ನು ಸಾಲಾಗಿಟ್ಟು ಕಿಟಕಿಗಳ ಆಕಾರ, ಗೆರೆಗಳ ಓಟ ನೋಡುತ್ತಾರೆ. ಗಂಡಿನ ಹೊಟ್ಟೆಯ ತುದಿಯ ಜನನಾಂಗದ ಗಟ್ಟಿ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಬೀಗಕ್ಕೆ ಬೀಗದ ಕೈ ಇದ್ದಂತೆ, ಒಂದೊಂದು ಜಾತಿಗೆ ಅದರ ಆಕಾರ ಬೇರೆ. ಇದರ ಜೊತೆಗೆ ಮೂರನೆಯ ಸಾಕ್ಷಿ, ಪತಂಗ ಸಿಕ್ಕ ಸ್ಥಳ. ಸ್ಥಳ, ತಾರೀಕು ಬರೆಯದ ಮಾದರಿ ಎಷ್ಟು ಸುಂದರವಾಗಿದ್ದರೂ ವಿಳಾಸವಿಲ್ಲದ ಕಾಗದದಂತೆ ನಿಷ್ಪ್ರಯೋಜಕ. ಮೊದಲೆರಡು ಕೆಲಸಗಳು ತಜ್ಞರವು. ಮೂರನೆಯದು ಮಾತ್ರ ನಮ್ಮ ಕೈಯಲ್ಲಿದೆ.

ಎಲ್ಲೆಲ್ಲಿದೆ?

ಟಾಪ್ರೊಬೇನಿಸ್ ಪತಂಗದ ನೆಲೆ ಪಶ್ಚಿಮ ಘಟ್ಟದ ಸಾಲು ಸೇರಿದ ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಅಂಡಮಾನ್ ದ್ವೀಪಗಳಲ್ಲಿ ಇದೇ ಕುಲದ ಬೇರೊಂದು ಜಾತಿಯಿದ್ದು, ಅದಕ್ಕೆ 1914ರಲ್ಲಿ ಮ್ಯಾಕ್‌ಮುಲ್ಲೆನಿ ಎಂದು ಹೆಸರಿಡಲಾಯಿತು. ಅಂದರೆ ನಮ್ಮ ದೇಶದ ಮೂರು ಮೂಲೆಗಳಲ್ಲಿ ಮೂರು ಅಣ್ಣತಮ್ಮಂದಿರು: ಉತ್ತರ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಒಬ್ಬ, ಅಂಡಮಾನಿನಲ್ಲಿ ಒಬ್ಬ, ನಮ್ಮ ಘಟ್ಟದಲ್ಲಿ ಒಬ್ಬ.

ಈ ಹಂಚಿಕೆಗೆ ಅರ್ಥವಿದೆ. ನಮ್ಮ ಘಟ್ಟದ ತೇವದ ಕಾಡಿಗೂ ಈಶಾನ್ಯದ ತೇವದ ಕಾಡಿಗೂ ನಡುವೆ ದಖನ್ನಿನ ಒಣನಾಡು ಹಾಸಿಕೊಂಡಿದೆ. ಹದಿನೈದು ದಿನವೂ ಬದುಕದ, ದಾರಿಯಲ್ಲಿ ಉಣ್ಣಲಾರದ ಪತಂಗ ಅದನ್ನು ದಾಟುವಂತಿಲ್ಲ. ಆದರೆ ಶ್ರೀಲಂಕಾಕ್ಕೂ ನಮಗೂ ನಡುವೆ ಇರುವ ಸಮುದ್ರ ಆಳವಿಲ್ಲದ್ದು. ಹಿಮಯುಗಗಳಲ್ಲಿ ಸಮುದ್ರದ ಮಟ್ಟ ಇಳಿದಾಗ ಅಲ್ಲಿ ನೆಲವೇ ಇತ್ತು. ಜೀವಿಗಳು ಆ ದಾರಿಯಲ್ಲಿ ಓಡಾಡಿದವು. ಘಟ್ಟ ಮತ್ತು ಶ್ರೀಲಂಕಾಗಳನ್ನು ಒಟ್ಟಾಗಿ ಒಂದೇ ಜೀವವೈವಿಧ್ಯದ ನಾಡೆಂದು ಜಗತ್ತಿನ ವಿಜ್ಞಾನಿಗಳು ಎಣಿಸುವುದು ಇಂಥ ಕಾರಣಗಳಿಂದ. 2012ರಲ್ಲಿ ಪಶ್ಚಿಮ ಘಟ್ಟದ ಆಯ್ದ ಭಾಗಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯ ವಿಚಾರದಲ್ಲಿ ಸದಸ್ಯರಲ್ಲಿ ಭಿನ್ನಾಭಿಪ್ರಾಯಗಳಿವೆ. ಅದು ಬೇರೆ ಚರ್ಚೆ. ಈ ಪತಂಗದ ವಿಳಾಸ ನಮ್ಮ ವಿಳಾಸವೇ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಆದರೆ ನಕ್ಷೆಯ ಮೇಲೆ ಘಟ್ಟದುದ್ದಕ್ಕೂ ಬಣ್ಣ ಬಳಿದುಬಿಟ್ಟರೆ ಅದು ನೆಲೆಯನ್ನು ತಿಳಿದಂತಾಗುವುದಿಲ್ಲ. ಯಾವ ಹೋಬಳಿಯಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಮರದ ಮೇಲೆ, ಯಾವ ತಿಂಗಳಲ್ಲಿ ಎಂಬ ಚುಕ್ಕೆಗಳು ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಗಂಡು ಪತಂಗ ಹೆಣ್ಣಿನ ವಾಸನೆಯ ಜಾಡು ಹಿಡಿದು ಬಹುದೂರ ಹಾರುತ್ತದೆ. ಆದ್ದರಿಂದ ದೀಪಕ್ಕೆ ಬಂದ ಗಂಡು ಎಲ್ಲಿಂದ ಬಂತೆಂದು ಹೇಳಲಾಗದು. ಮೈಭಾರದ ಹೆಣ್ಣು ಮಾತ್ರ ಗೂಡಿನಿಂದ ಹೊರಬಂದ ಜಾಗದ ಹತ್ತಿರದಲ್ಲಿಯೇ ಕೂತು ಗಂಡಿಗಾಗಿ ಕಾಯುತ್ತದೆ. ಹುಳುವಾಗಲಿ ಗೂಡಾಗಲಿ ಸಿಕ್ಕಿದರೆ ಸಂಶಯಕ್ಕೆ ಕಾರಣವೇ ಇಲ್ಲ. ಅದು ಅಲ್ಲಿಯೇ ಹುಟ್ಟಿ ಬೆಳೆದದ್ದು. ಹೀಗೆ ದೀಪದ ಕೆಳಗಿನ ಹತ್ತು ಗಂಡುಗಳಿಗಿಂತ ದಾಲ್ಚಿನ್ನಿಯ ಮೇಲಿನ ಒಂದು ಹುಳು ನೆಲೆಯ ವಿಚಾರದಲ್ಲಿ ಹೆಚ್ಚು ಬೆಲೆಯ ಸಾಕ್ಷಿ.

ಅಪರೂಪ ಎಂದರೇನು?

"ನಾನು ವರ್ಷಕ್ಕೆ ಒಂದಾದರೂ ನೋಡುತ್ತೇನೆ, ಇದು ಅಪರೂಪ ಹೇಗಾಯಿತು?" ಎಂದು ಕೇಳುವ ಸದಸ್ಯರು ಇರಬಹುದು. ಅಪರೂಪವೆಂಬುದರಲ್ಲಿ ಬಗೆಗಳಿವೆ. ಕಣ್ಣಿಗೆ ಬೀಳುವುದು ಅಪರೂಪ, ಅದು ಒಂದು. ಒಂದೆರಡು ವಾರ ಬದುಕಿ ರಾತ್ರಿಯಲ್ಲಷ್ಟೇ ಹಾರುವ ಜೀವಿ ಎಷ್ಟಿದ್ದರೂ ಕಡಿಮೆಯೇ ಕಾಣುತ್ತದೆ. ಇನ್ನೊಂದು, ಒಂದು ನಾಡಿಗೆ ಮಾತ್ರ ಸೀಮಿತವಾದದ್ದು. ಅಂಥದ್ದು ತನ್ನ ನಾಡಿನಲ್ಲಿ ಅಲ್ಲಲ್ಲಿ ಸಿಕ್ಕಿದರೂ, ಆ ನಾಡಿನ ಮರಗಿಡ ಹೋದರೆ ಅದಕ್ಕೆ ಹೋಗಲು ಬೇರೆ ಊರಿಲ್ಲ. ನಮ್ಮ ಪತಂಗ ಎರಡೂ ಅರ್ಥದಲ್ಲಿ ಅಪರೂಪದ್ದು. ಒಬ್ಬರಿಗೆ ವರ್ಷಕ್ಕೊಂದು ಕಂಡದ್ದನ್ನು ಅವರು ಬರೆದಿಡದಿದ್ದರೆ, ಇಪ್ಪತ್ತು ವರ್ಷದ ಮೇಲೆ ಅದು ಕಾಣದಂತಾದಾಗ ಮೊದಲು ಇತ್ತೆನ್ನುವುದಕ್ಕೂ ಆಧಾರವಿರುವುದಿಲ್ಲ.

ಇದು ಪೀಡೆಯೇ?

ಈಗ ಡಿಪೋಗೆ ಬಂದ ಪ್ರಶ್ನೆಗೆ ಉತ್ತರ. ನಮ್ಮ ಕಾಫಿಗೆ ಅಥವಾ ಅಡಿಕೆಗೆ ಮುಖ್ಯ ಪೀಡೆಗಳೆಂದು ಎಣಿಸುವ ಕೀಟಗಳಲ್ಲಿ ಈ ಪತಂಗವಿಲ್ಲ. ದೊಡ್ಡ ಹುಳುವಾದ್ದರಿಂದ ಒಂದು ಸಣ್ಣ ದಾಲ್ಚಿನ್ನಿ ಗಿಡದ ಎಲೆಯನ್ನು ನಾಲ್ಕಾರು ಹುಳುಗಳು ಗಣನೀಯವಾಗಿ ತಿನ್ನಬಹುದು, ನಿಜ. ಬಲಿತ ಮರ ಮತ್ತೆ ಚಿಗುರುತ್ತದೆ. ಸಸಿಮಡಿಯಲ್ಲಿಯೋ ಎಳೆಯ ನಿಂಬೆ ಗಿಡದಲ್ಲಿಯೋ ಹುಳು ಕಂಡರೆ, ಅದು ಕೂತ ಎಲೆಯನ್ನೇ ಕತ್ತರಿಸಿ ಬೆಟ್ಟದ ದಾಲ್ಚಿನ್ನಿಗೆ ಸಾಗಿಸಿದರೆ ಸಾಕು. ಕೈಯಿಂದ ಆಗುವ ಕೆಲಸಕ್ಕೆ ಪಂಪು ಬೇಕಾಗಿಲ್ಲ.

ಇದರ ಹುಳುಗಳು ಒಮ್ಮೆಲೇ ಹೆಚ್ಚದಂತೆ ನೋಡಿಕೊಳ್ಳುವವರೂ ತೋಟದಲ್ಲಿದ್ದಾರೆ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಒಳಗಿನಿಂದ ತಿನ್ನುವ ನೊಣಗಳು, ಸಣ್ಣ ಕಣಜಗಳು, ಹಕ್ಕಿಗಳು, ಇರುಳಿನಲ್ಲಿ ಬಾವಲಿಗಳು. ನೆರಳಿನ ಮರಕ್ಕೆ ಕೀಟನಾಶಕ ಹೊಡೆದರೆ ಮೊದಲು ಸಾಯುವವರು ಈ ಕಾವಲುಗಾರರು. ಇದೇ ಬಗೆಯ ಕಾವಲುಗಾರರು ಹಿಟ್ಟು ತಿಗಣೆಯನ್ನೂ ಇತರ ಪೀಡೆಗಳನ್ನೂ ಹತೋಟಿಯಲ್ಲಿಡುತ್ತಾರೆಂಬುದು ಬೆಳೆಗಾರರ ಅನುಭವಕ್ಕೆ ಬಂದ ಮಾತು. ಆದುದರಿಂದ ಅಟ್ಲಾಸಿನ ಹುಳುವಿಗೆಂದು ಯಾವ ಔಷಧವನ್ನೂ ನಮ್ಮ ಡಿಪೋದಿಂದ ಶಿಫಾರಸು ಮಾಡುವುದಿಲ್ಲ. ಸಂಶಯವಿದ್ದರೆ ಹುಳುವಿನ ಫೋಟೋ ತೋರಿಸಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನಾಗಲಿ, ವಿಟ್ಲದ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದವರನ್ನಾಗಲಿ ವಿಚಾರಿಸಿದ ಮೇಲೆಯೇ ಮುಂದಿನ ಮಾತು.

ತೋಟದಲ್ಲಿ ಮಾಡಬಹುದಾದ ಕೆಲಸಗಳು

ಖರ್ಚಿಲ್ಲದೆ ಆಗುವ ನಾಲ್ಕು ಕೆಲಸಗಳನ್ನು ಸದಸ್ಯರ ಗಮನಕ್ಕೆ ತರುತ್ತೇವೆ.

ಒಂದನೆಯದು, ಮರಗಸಿಯ ಸಮಯದಲ್ಲಿ ಎಚ್ಚರ. ಮಳೆಗೆ ಮೊದಲು ಕೊಂಬೆ ಇಳಿಸುವಾಗ, ಒಣಹವೆಗೆ ಕಾದು ಕೂತ ಗೂಡುಗಳು ಕೊಂಬೆಯಲ್ಲೇ ತೂಗುತ್ತಿರುತ್ತವೆ. ಎಲ್ಲ ಎಲೆ ಉದುರಿದರೂ ಒಂದು ಒಣ ಎಲೆ ಮಾತ್ರ ತೊಟ್ಟು ಬಿಡದೆ ನೇತಾಡುತ್ತಿದ್ದರೆ ಸಂಶಯಪಡಬೇಕು. ಕೈಯಲ್ಲಿ ಹಿಡಿದಾಗ ಭಾರವಾಗಿದ್ದು, ಅಲುಗಿಸಿದರೆ ಒಳಗೆ ಕದಲಿದಂತಾದರೆ ಕೋಶ ಜೀವಂತವಾಗಿದೆ. ಅದನ್ನು ಕಡ್ಡಿಸಮೇತ ಕತ್ತರಿಸಿ, ಕಡಿಯದ ಮರದ ಕೊಂಬೆಗೆ ನೆಲದಿಂದ ಎತ್ತರದಲ್ಲಿ ಬಾಳೆನಾರಿನಿಂದ ಕಟ್ಟಿದರೆ ಸಾಕು. ಮರಗಸಿಯವರಿಗೆ ಗೂಡನ್ನು ಒಮ್ಮೆ ತೋರಿಸಿಕೊಟ್ಟರೆ ಅವರ ಕಣ್ಣು ನಮ್ಮದಕ್ಕಿಂತ ಚುರುಕು.

ಎರಡನೆಯದು, ದಾಲ್ಚಿನ್ನಿ, ಹಾಲ್ಮಡ್ಡಿಯಂಥ ಕಾಡುಮರಗಳನ್ನು ತೋಟದ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ ಉಳಿಸಿಕೊಳ್ಳುವುದು. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿಗೆ ಆಗುತ್ತದೆ, ಮರಕ್ಕೆ ಬೆಲೆ ಬರುತ್ತದೆ. ಅದನ್ನು ಬೆಳೆಸಬೇಡಿ ಎಂದು ನಾವು ಹೇಳುವುದಿಲ್ಲ. ಇಡೀ ತೋಟ ಅದೊಂದೇ ಆದರೆ ಊರಿನ ಹುಳಹುಪ್ಪಟೆ, ಹಕ್ಕಿಗಳಿಗೆ ಅಲ್ಲಿ ಊಟವಿಲ್ಲ ಎಂಬುದಷ್ಟೇ ನಮ್ಮ ಮಾತು. ಹಾಗೆಯೇ ದಾಲ್ಚಿನ್ನಿಯ ಚಕ್ಕೆ ತೆಗೆಯುವಾಗ ಮರದ ಸುತ್ತಲೂ ಸುಲಿಯದೆ, ಕೊಂಬೆ ಕೊಯ್ದು ಚಿಗುರಲು ಬಿಟ್ಟರೆ ಮುಂದಿನ ಸಲಕ್ಕೂ ಚಕ್ಕೆ ಉಂಟು.

ಮೂರನೆಯದು, ದೀಪ. ಕಣದಲ್ಲಿ, ಗೋದಾಮಿನಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ಬಿಳಿ ದೀಪಗಳನ್ನು ಆರಿಸಬೇಕು. ಬೇಕೇ ಬೇಕಾದ ಕಡೆ ಹಳದಿ ದೀಪ ಹಾಕಿ, ಬೆಳಕು ನೆಲಕ್ಕೆ ಬೀಳುವಂತೆ ಮುಚ್ಚಳ ಮಾಡಿದರೆ ಪತಂಗಗಳು ಕಡಿಮೆ ಬರುತ್ತವೆ. ಬೆಳಿಗ್ಗೆ ಗೋಡೆಯಲ್ಲಿ ಪತಂಗ ಕೂತಿದ್ದರೆ, ಕಾಗದದ ಮೇಲೆ ಹತ್ತಿಸಿಕೊಂಡು ನೆರಳಿನ ಗಿಡದ ಮೇಲೆ ಬಿಡಬೇಕು. ಇಲ್ಲವಾದರೆ ಕಾಗೆ, ಕೋಳಿಗಳ ಪಾಲಾಗುತ್ತದೆ.

ನಾಲ್ಕನೆಯದು, ಗೂಡನ್ನಾಗಲಿ ಪತಂಗವನ್ನಾಗಲಿ ಹಣಕ್ಕೆ ಕೇಳಿಕೊಂಡು ಬರುವ ಅಪರಿಚಿತರಿಗೆ ಕೊಡಬಾರದು. ಚೌಕಟ್ಟಿನಲ್ಲಿ ಚುಚ್ಚಿಟ್ಟ ಪತಂಗಕ್ಕೆ ಹೊರಗೆ ಬೆಲೆಯಿದೆ. ನಮ್ಮ ಮನೆಯ ಮಕ್ಕಳಿಗೆ ಅದು ಮರದ ಮೇಲಿದ್ದರೆ ಮಾತ್ರ ಬೆಲೆ.

ಬರೆದಿಡುವ ಕ್ರಮ

ಇಂದು ಬಹುತೇಕ ಎಲ್ಲರ ಕೈಯಲ್ಲಿ ಮೊಬೈಲ್ ಫೋನಿದೆ. ಪತಂಗವನ್ನು ಕೊಂದು ತರುವ ಅಗತ್ಯವಿಲ್ಲ. ಮೇಲಿನಿಂದ ನಾಲ್ಕು ರೆಕ್ಕೆಗಳ ಕಿಟಕಿಗಳೂ ಸ್ಪಷ್ಟವಾಗಿ ಕಾಣುವಂತೆ ಒಂದು ಫೋಟೋ, ಮೀಸೆ ಕಾಣುವಂತೆ ಇನ್ನೊಂದು, ಸಾಧ್ಯವಾದರೆ ರೆಕ್ಕೆಯ ಅಡಿಭಾಗದ್ದು ಮತ್ತೊಂದು. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ಬೆಂಕಿಪೊಟ್ಟಣವನ್ನೋ ಇಟ್ಟರೆ ಗಾತ್ರ ತಿಳಿಯುತ್ತದೆ. ಜೊತೆಗೆ ಹೀಗೆ ಬರೆಯಬೇಕು: ತಾರೀಕು ಮತ್ತು ಹೊತ್ತು, ಗ್ರಾಮ, ತಾಲ್ಲೂಕು, ತೋಟವೋ, ಸೊಪ್ಪಿನ ಬೆಟ್ಟವೋ, ಕಾಡೋ, ಕಂಡದ್ದು ಹುಳುವೋ, ಗೂಡೋ, ಗಂಡೋ, ಹೆಣ್ಣೋ, ಮರದ ಮೇಲಿದ್ದರೆ ಮರದ ಹೆಸರು, ದೀಪಕ್ಕೆ ಬಂದಿದ್ದರೆ ದೀಪದ ಬಗೆ, ಹಿಂದಿನ ದಿನ ಮಳೆಯಾಗಿತ್ತೇ ಎಂಬುದು. ಮರದ ಹೆಸರನ್ನು ಊರಿನಲ್ಲಿ ಕರೆಯುವಂತೆಯೇ ಬರೆದರೆ ಸಾಕು.

ಇಂಥ ದಾಖಲೆಗಳಿಗೆ ಹೋಗಿ ಸೇರುವ ಜಾಗಗಳೂ ಇವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಅದರ ಪುಟಗಳನ್ನು ತುಂಬಬೇಕಾದವರು ಊರಿನವರೇ. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೂ ಇವೆ. 2012ರಿಂದ ಜುಲೈ ತಿಂಗಳ ಕೊನೆಯಲ್ಲಿ ಅನೇಕ ದೇಶಗಳಲ್ಲಿ ಪತಂಗಗಳ ಸಪ್ತಾಹವೊಂದನ್ನು ಆಚರಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಅದು ಕೊಳೆರೋಗಕ್ಕೆ ಔಷಧ ಹೊಡೆಯುವ ಗಡಿಬಿಡಿಯ ಕಾಲ. ಆದರೂ ಶಾಲೆಯ ಮಕ್ಕಳಿಗೆ ಒಂದು ಸಂಜೆ ಬಿಳಿ ಪಂಚೆ ಕಟ್ಟಿ ದೀಪ ಹಚ್ಚಿ ತೋರಿಸುವುದು ಕಷ್ಟವಲ್ಲ.

ಸಂಘದ ಕಚೇರಿಯಲ್ಲಿ ಈ ತಿಂಗಳಿನಿಂದ ಒಂದು ಪ್ರತ್ಯೇಕ ಪುಸ್ತಕವನ್ನು ಇಟ್ಟಿದ್ದೇವೆ. ಡಿಪೋಗೆ ಬರುವ ಸದಸ್ಯರು ತಾವು ಕಂಡದ್ದನ್ನು ಅದರಲ್ಲಿ ಬರೆಯಬಹುದು, ಬರೆಯಲು ಬಿಡುವಿಲ್ಲದವರು ಗುಮಾಸ್ತರಿಗೆ ಬಾಯಲ್ಲಿ ಹೇಳಿ ಬರೆಸಬಹುದು. ಆಳುಗಳು, ಮರಗಸಿಯವರು, ಲಾರಿಯವರು ಕಂಡದ್ದೂ ಅಷ್ಟೇ ಮುಖ್ಯ. ಕಂಡವರ ಹೆಸರಿನಲ್ಲಿಯೇ ಅದು ದಾಖಲಾಗುತ್ತದೆ. ಕಾಣಲಿಲ್ಲ ಎಂಬುದನ್ನೂ ಬರೆಯಬಹುದು. ತೋಟದಲ್ಲಿ ದಾಲ್ಚಿನ್ನಿಯಿದ್ದು ವರ್ಷವಿಡೀ ಹುಳು ಕಾಣದಿದ್ದರೆ ಅದೂ ಒಂದು ಸುದ್ದಿಯೇ. ವರ್ಷದ ಕೊನೆಗೆ ಎಲ್ಲವನ್ನೂ ಒಟ್ಟುಮಾಡಿ, ನಮ್ಮ ಸಂಘದ ವ್ಯಾಪ್ತಿಯ ಗ್ರಾಮಗಳ ನಕ್ಷೆಯ ಮೇಲೆ ಗುರುತು ಹಾಕಿ ಈ ಪತ್ರಿಕೆಯಲ್ಲಿಯೇ ಪ್ರಕಟಿಸುತ್ತೇವೆ. ಬರಲಿರುವ ಮರಗಸಿಗೆ ಮುನ್ನ ಆಳುಗಳಿಗೆ ಗೂಡಿನ ಗುರುತನ್ನು ತಿಳಿಸಿಕೊಡಬೇಕೆಂದು ಸದಸ್ಯ ಬಂಧುಗಳಲ್ಲಿ ವಿನಂತಿ.